ಲಕ್ಸರ್‌ನಿಂದ ತಂದ ಎರಡು ಹಾಳೆ

ಈಜಿಪ್ಟಿನ ಲಕ್ಸರ್‌ನಲ್ಲಿ ದೇವಾಲಯದ ಹೊರಗೆ ಒಂದು 'ಪಪೈರಸ್' ಚಿತ್ರ ಕೊಂಡೆ. ಪಪೈರಸ್ ಅಂದರೆ ಜೊಂಡಿನಿಂದ ಮಾಡುವ, ಹಳೆಯ ಕಾಲದ ಬರೆಯುವ ಹಾಳೆ. ತುಂಬಾ ಅಗ್ಗ. ಮರುದಿನ, ಕಣ್ಣೆದುರೇ ಮಾಡಿ ತೋರಿಸುವ ಅಂಗಡಿಯಲ್ಲಿ ಒಂದು ಖಾಲಿ ಹಾಳೆ ಕೊಂಡೆ. ಅದಕ್ಕೆ ಹತ್ತು ಪಟ್ಟು ಬೆಲೆ. ಊರಿಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಮೊದಲು ಕಿಟಕಿಯ ಬೆಳಕಿಗೆ ಹಿಡಿದೆ. ದುಬಾರಿ ಹಾಳೆಯಲ್ಲಿ ಅಡ್ಡಪಟ್ಟಿ, ಉದ್ದಪಟ್ಟಿ ಒಂದರ ಮೇಲೊಂದು ಚೌಕಚೌಕವಾಗಿ ಕಂಡವು. ಅದು ಮಾಡುವ ರೀತಿಯೇ ಹಾಗೆ. ಪಪೈರಸ್ ಜೊಂಡಿನ ದಂಟು ಮೂರು ಮೂಲೆಯದು. ಹಸಿರು ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಸೀಳಿ, ನೆನೆಸಿ, ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಜೋಡಿಸಿ ಒತ್ತುತ್ತಾರೆ. ಬೇರೆ ಅಂಟು ಹಾಕಿದ್ದನ್ನು ನಾನು ನೋಡಲಿಲ್ಲ. ಅಗ್ಗದ ಹಾಳೆಯಲ್ಲಿ ಈ ಹೆಣಿಗೆ ಕಾಣಲೇ ಇಲ್ಲ. ಬಾಳೆಯಿಂದ ಮಾಡಿದ ಹಾಳೆಗಳನ್ನು ಅಲ್ಲಿ ಪಪೈರಸ್ ಅಂತಲೇ ಮಾರುವುದುಂಟು. ಇದೂ ಅಂಥದ್ದೇ ಇರಬೇಕು.

ಆಮೇಲೆ ಎರಡನ್ನೂ ಸುತ್ತಿದೆ. ಬೀದಿಯದ್ದು ಎರಡನೇ ಸುತ್ತಿಗೇ ಚಟಕ್ಕನೆ ಬಿರಿಯಿತು. ಇನ್ನೊಂದು ಸುಮ್ನೆ ಸುತ್ತಿಕೊಂಡು ಮತ್ತೆ ಬಿಚ್ಚಿಕೊಂಡಿತು. ಈಜಿಪ್ಟಿನವರಿಗೆ ಪುಸ್ತಕ ಅಂದರೆ ಸುರುಳಿ ಅಲ್ವಾ? ಸುತ್ತಲಾಗದ ಹಾಳೆ ಅವರಿಗೆ ಯಾತಕ್ಕೂ ಬರುತ್ತಿರಲಿಲ್ಲ. ಕೆಂಪು ಸಮುದ್ರದ ತೀರದ ವಾಡಿ ಅಲ್‌-ಜರ್ಫ್‌ನಲ್ಲಿ 2013ರಲ್ಲಿ ಮೆರೆರ್ ಎಂಬ ಅಧಿಕಾರಿಯ ಪಪೈರಸ್ ದಿನಚರಿ ಸಿಕ್ಕಿತು. ದೊರೆ ಖುಫುವಿನ ಪಿರಮಿಡ್ಡಿಗೆ ತುರಾದ ಕಲ್ಲುಗಣಿಯಿಂದ ದೋಣಿಯಲ್ಲಿ ಸುಣ್ಣದ ಕಲ್ಲು ಸಾಗಿಸಿದ ಲೆಕ್ಕ ಅದರಲ್ಲಿದೆ. ಸುಮಾರು 4,500 ವರ್ಷ ಹಳೆಯದು! ತುಂಡಾಗಿದ್ದರೂ ಓದಲು ಬರುತ್ತದೆ. ನನ್ನ ಬೀದಿಯ ಹಾಳೆ ಒಂದು ತಿಂಗಳೂ ತಡೆಯಲಿಲ್ಲ.

ಇನ್ನು ಬರೆಯುವ ಮಾತು. ದೀಪದ ಮಸಿಗೆ ಗೋಂದು ಕಲಸಿ ಶಾಯಿ ಮಾಡಿದೆ. ಹಳೆಯ ಲಿಪಿಕಾರರ ಕಪ್ಪು ಶಾಯಿಯೂ ಮಸಿ, ಗೋಂದಿನದೇ. ಬಾಳೆ ಹಾಳೆಯಲ್ಲಿ ಶಾಯಿ ಹರಡಿ 'ಅ' ಒಂದು ಮಚ್ಚೆಯಾಯಿತು. ಅದನ್ನು ಅಲ್ಲಿಗೇ ಬಿಟ್ಟೆ.

ಪಪೈರಸ್ ಮೇಲೆ ಎರಡು ಲೇಖನಿ ಹಿಡಿದು ನೋಡಿದೆ. ಒಂದು, ತುದಿ ಜಗಿದು ಕುಂಚದಂತೆ ಮಾಡಿದ ಸಣ್ಣ ಜೊಂಡುಕಡ್ಡಿ. ಫೇರೋಗಳ ಕಾಲದ ಲಿಪಿಕಾರರು ಬಳಸುತ್ತಿದ್ದದ್ದು ಇಂಥದ್ದು. ಇನ್ನೊಂದು, ಗ್ರೀಕರು ತಂದ, ತುದಿ ಸೀಳಿದ ಗಟ್ಟಿ ಲೆಕ್ಕಣಿಕೆ. ಎಳೆ ಅಡ್ಡಕ್ಕಿರುವ ಮುಖದಲ್ಲಿ ಎರಡೂ ಚೆನ್ನಾಗಿಯೇ ಓಡಿದವು. ತಿರುವಿ ಹಾಕಿದೆ ನೋಡಿ, ಲೆಕ್ಕಣಿಕೆ ಪ್ರತಿ ಎಳೆಗೂ ಎಡವಿ ಶಾಯಿ ಸಿಡಿಸಿತು. ಕುಂಚ ಮಾತ್ರ ಎಡವಲಿಲ್ಲ. ನಮ್ಮ ದುಂಡು ಅಕ್ಷರಕ್ಕೆ ಕುಂಚವೇ ಸರಿ. ತೆಳು ಗೆರೆ ಬೇಕಾದರೆ ಮಾತ್ರ ಲೆಕ್ಕಣಿಕೆ.

ಒಂದು 'ಠ' ಕೆಟ್ಟಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಬೂದು ನೆರಳೊಂದು ಉಳಿದು ಅಕ್ಷರ ಹೋಯಿತು. ಆ ಲಿಪಿಕಾರರೂ ಹೀಗೇ ಹಳೆಯ ಬರಹ ತೊಳೆದು ಅದೇ ಹಾಳೆಯಲ್ಲಿ ಮತ್ತೆ ಬರೆಯುತ್ತಿದ್ದರು.

ಕೊಳ್ಳುವವರು ಚಿತ್ರಕ್ಕೆ ಮರುಳಾಗಬೇಡಿ. ಖಾಲಿ ಹಾಳೆ ಕೇಳಿ, ಬೆಳಕಿಗೆ ಹಿಡಿಯಿರಿ. ನನ್ನದರಲ್ಲಿ ಇನ್ನೂ ಅರ್ಧ ಜಾಗ ಇದೆ. ಈಜಿಪ್ಟಿನ ಲಿಪಿಕಾರರು ತಲೆಬರಹಗಳನ್ನು ಕೆಂಪಿನಲ್ಲಿ ಬರೆಯುತ್ತಿದ್ದರು. ಈ ಭಾನುವಾರ ಕೆಮ್ಮಣ್ಣು ಅರೆಯುತ್ತೇನೆ.