ಎಂಜಿನ್ನಿನ ಟಿಕ್ ಟಿಕ್ ಸದ್ದಿಗೆ ಮೆಕ್ಯಾನಿಕ್ ಸ್ಟೆತೊಸ್ಕೋಪ್: ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಡಾಕ್ಟರ ಸ್ಟೆತೊಸ್ಕೋಪಿನಂತೆಯೇ ಕಿವಿಗೆ ಸಿಕ್ಕಿಸುವ ಎರಡು ಕೊಳವೆ. ಎದೆಗಿಡುವ ಬಿಲ್ಲೆಯ ಜಾಗದಲ್ಲಿ ಒಂದು ಪುಟ್ಟ ಡಬ್ಬಿ, ಅದಕ್ಕೆ ತಿರುಪಿ ಕೂರಿಸುವ ಉಕ್ಕಿನ ಕಡ್ಡಿ. ಕಡ್ಡಿಯ ಕಂಪನ ಡಬ್ಬಿಯೊಳಗಿನ ತೆಳು ಪೊರೆಯನ್ನು ಅಲುಗಿಸುತ್ತದೆ, ಆ ಸದ್ದು ಕೊಳವೆಯಲ್ಲಿ ಕಿವಿಗೆ ಬರುತ್ತದೆ. ಬ್ಯಾಟರಿ ಬೇಡ, ಕೆಡುವುದಕ್ಕೂ ಹೆಚ್ಚೇನಿಲ್ಲ. ಬಾನೆಟ್ ಎತ್ತಿ ಬರಿಗಿವಿಯಲ್ಲಿ ಕೇಳಿದರೆ ಇಡೀ ಎಂಜಿನ್ನೇ ಟಿಕ್ ಟಿಕ್ ಅನ್ನುತ್ತಿರುತ್ತದೆ. ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಈ ಕಡ್ಡಿ ತೋರಿಸುತ್ತದೆ. ಯಾಕೆ ಬರುತ್ತಿದೆ ಎಂಬುದನ್ನು ಮಾತ್ರ ನಾವೇ ಕಂಡುಕೊಳ್ಳಬೇಕು.

ಇದನ್ನು ಕೈಗೆತ್ತಿಕೊಳ್ಳುವ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಲೇಬೇಕು. ಗಾಡಿಯನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು ನೋಡಿ. ಆಯಿಲ್ ತೀರಾ ಇಳಿದಿದ್ದರೆ ಪಂಪು ಗಾಳಿ ಎಳೆಯುತ್ತದೆ, ಹೈಡ್ರಾಲಿಕ್ ಟಪೆಟ್‌ಗಳು (ವಾಲ್ವ್ ತಳ್ಳುವ, ಆಯಿಲ್ ಒತ್ತಡದಿಂದ ಗ್ಯಾಪ್ ತಾವೇ ತುಂಬಿಕೊಳ್ಳುವ ಭಾಗಗಳು) ಸರಿಯಾಗಿ ತುಂಬದೆ ಸದ್ದು ಮಾಡುತ್ತವೆ. ಆಯಿಲ್ ಪ್ರೆಶರ್ ದೀಪ ಉರಿಯುತ್ತಿದ್ದರಂತೂ ಕೇಳುತ್ತ ಕೂರುವ ಮಾತೇ ಇಲ್ಲ, ಕೂಡಲೇ ಎಂಜಿನ್ ಆಫ್ ಮಾಡಬೇಕು.

ಈಗ ಸದ್ದಿನ ಲಯಕ್ಕೆ ಬರೋಣ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಒಂದು ಸುತ್ತು. ಐಡಲ್ (ರೇಸ್ ಕೊಡದಿರುವಾಗಿನ ವೇಗ) 800 ಆರ್‌ಪಿಎಂ, ಅಂದರೆ ನಿಮಿಷಕ್ಕೆ 800 ಸುತ್ತು ಇದ್ದರೆ ಕ್ಯಾಮ್ 400. ಅಂದರೆ ಒಂದೇ ವಾಲ್ವ್ ಸದ್ದು ಮಾಡುತ್ತಿದ್ದರೆ ಸೆಕೆಂಡಿಗೆ ಆರೇಳು ಟಿಕ್. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಬರುವ ಸದ್ದಾದರೆ ಹದಿಮೂರು. ಕಿವಿಗೆ ಎಣಿಸಲು ಸಿಗುವುದಿಲ್ಲ, ಫೋನಿನಲ್ಲಿ ರೆಕಾರ್ಡ್ ಮಾಡಿ ನಿಧಾನಗತಿಯಲ್ಲಿ ಹಾಕಿದರೆ ಎಣಿಸಬಹುದು. ತೊಡಕು ಇಲ್ಲಿದೆ: ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೂಡ ಕ್ಯಾಮಿನ ಒಂದು ಸುತ್ತಿಗೆ ಒಮ್ಮೆ ತೆರೆಯುತ್ತದೆ. ಅದರ ಲಯವೂ ವಾಲ್ವಿನದೂ ಒಂದೇ. ಲಯದಿಂದ ಬಗೆಹರಿಯದ ಈ ಗೊಂದಲವನ್ನು ಜಾಗ ಬಗೆಹರಿಸುತ್ತದೆ. ಸ್ಟೆತೊಸ್ಕೋಪ್ ತನ್ನ ಬೆಲೆ ತೋರಿಸುವುದು ಇಲ್ಲೇ.

ಬಳಸುವ ರೀತಿಯಲ್ಲಿ ಹೆಚ್ಚಿನವರು ತಪ್ಪುವುದು ಒಂದು ಕಡೆ: ಒಂದೇ ಜಾಗದಲ್ಲಿ ಕಡ್ಡಿ ಇಟ್ಟು, ಜೋರಾಗಿ ಕೇಳಿತೆಂದು ಅದನ್ನೇ ಹಾಳಾಗಿದೆ ಅಂದುಬಿಡುವುದು. ಕಡ್ಡಿ ಇಟ್ಟರೆ ಆರೋಗ್ಯವಾಗಿರುವ ಇಂಜೆಕ್ಟರ್ ಕೂಡ ಸುತ್ತಿಗೆಯಂತೆ ಬಡಿಯುತ್ತದೆ. ಆದ್ದರಿಂದ ಒಂದರಿಂದ ನಾಲ್ಕನೇ ಸಿಲಿಂಡರಿನವರೆಗೆ ಅದೇ ಜಾಗ, ಅದೇ ಒತ್ತಡದಲ್ಲಿ ಇಟ್ಟು ಹೋಲಿಸಬೇಕು. ನಾಲ್ಕು ಇಂಜೆಕ್ಟರುಗಳಲ್ಲಿ ಒಂದು ಸುಮ್ಮನಿದ್ದರೆ, ಅದು ಜೋರು ಸದ್ದಿನಷ್ಟೇ ದೊಡ್ಡ ಸುಳಿವು. ವಾಲ್ವ್ ಕವರ್ ಪ್ಲಾಸ್ಟಿಕ್ಕಿನದಾದರೆ ಅದರ ಮೇಲೆ ಇಟ್ಟು ಪ್ರಯೋಜನವಿಲ್ಲ. ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಸದ್ದನ್ನು ನುಂಗುತ್ತದೆ. ಗ್ಯಾಸ್ಕೆಟ್ಟಿನ ಕೆಳಗೆ, ವಾಲ್ವ್‌ಗಳಿರುವ ಹೆಡ್ಡಿನ ಲೋಹದ ಮೇಲೆಯೇ ತುದಿ ಕೂರಬೇಕು.

ಸದ್ದು ವಾಲ್ವಿನ ಕಡೆಯದೇ ಎಂದಾದರೆ ಮುಂದಿನ ಕೆಲಸ ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜಿನದು. ಅಡ್ಜಸ್ಟ್ ಮಾಡುವ ಟಪೆಟ್ ಇದ್ದರೆ ಆ ಸಿಲಿಂಡರನ್ನು ಕಂಪ್ರೆಶನ್ ಟಿಡಿಸಿಗೆ (ವಾಲ್ವ್‌ಗಳು ಮುಚ್ಚಿ ಪಿಸ್ಟನ್ ತೀರಾ ಮೇಲಿರುವ ಸ್ಥಿತಿಗೆ) ತಂದು, ಮ್ಯಾನ್ಯುಯಲ್ ಹೇಳಿದ ಸ್ಥಿತಿಯಲ್ಲಿ (ಹೆಚ್ಚಿನವಕ್ಕೆ ಎಂಜಿನ್ ತಣ್ಣಗಿರುವಾಗ) ಗ್ಯಾಪ್ ಅಳೆಯಬೇಕು. ಬ್ಲೇಡು ತುಸು ಬಿಗಿಯಾಗಿ ಎಳೆದುಕೊಂಡು ಬಂದರೆ ಸರಿ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಹೆಚ್ಚು ಬಿಸಿಯಾಗುವುದರಿಂದ ಸಾಮಾನ್ಯವಾಗಿ ಅದಕ್ಕೆ ಗ್ಯಾಪೂ ಹೆಚ್ಚು. ಸದ್ದು ಅಡಗಲಿ ಎಂದು ಹೇಳಿದ್ದಕ್ಕಿಂತ ಬಿಗಿ ಮಾಡುವವರಿದ್ದಾರೆ; ದಯವಿಟ್ಟು ಹಾಗೆ ಮಾಡಬೇಡಿ. ಬಿಗಿಯಾದ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಶಾಖ ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ. ಸದ್ದು ಮಾಡುವ ವಾಲ್ವ್‌ಗಿಂತ ಸದ್ದಿಲ್ಲದ ಈ ಬಿಗಿ ವಾಲ್ವೇ ಅಪಾಯ. ಹೈಡ್ರಾಲಿಕ್ ಟಪೆಟ್ ಆದರೆ ಮೊದಲು ಸರಿಯಾದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡು ಸದ್ದಾಗಿ ನಿಂತರೆ, ಆಯಿಲ್ ವಾಪಸ್ ಇಳಿಯದಂತೆ ಫಿಲ್ಟರಿನೊಳಗೆ ತಡೆಯುವ ವಾಲ್ವ್ ಸೋತಿರುವ ಸಾಧ್ಯತೆ ಇದೆ. ಎಂಜಿನ್ ಬಿಸಿಯಾದ ಮೇಲೂ, ಪ್ರೆಶರ್ ಸರಿಯಿದ್ದೂ ಅದೇ ಜಾಗದಲ್ಲಿ ಬಡಿಯುತ್ತಿದ್ದರೆ ಟಪೆಟ್ಟನ್ನೋ ಕ್ಯಾಮ್ ಲೋಬನ್ನೋ (ಕ್ಯಾಮಿನ ಮೇಲಿನ ಉಬ್ಬು) ಬಿಚ್ಚಿ ನೋಡಬೇಕು. ಆಯಿಲಿಗೆ ಸೇರಿಸುವ ಔಷಧಿಗಳು ಜಿಡ್ಡಿಗೆ ಸಿಕ್ಕಿಕೊಂಡ ಟಪೆಟ್ಟನ್ನು ಬಿಡಿಸಬಹುದು, ಸವೆದ ಲೋಹವನ್ನು ತುಂಬಲಾರವು.

ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್ಡಿನಿಂದ ಹೊಗೆ ಹೊರಸಾಗಿಸುವ ಕೊಳವೆಗಳು) ಲೀಕ್ ಕೂಡ ಟಪೆಟ್ಟಿನಂತೆಯೇ ಟಿಕ್ ಅನ್ನುತ್ತದೆ. ಇದಕ್ಕೆ ಕಡ್ಡಿ ಬೇಡ. ಅದನ್ನು ಬಿಚ್ಚಿ ಒಂದು ರಬ್ಬರ್ ಹೋಸ್ ಸಿಕ್ಕಿಸಿ, ಮ್ಯಾನಿಫೋಲ್ಡ್ ಕೂಡುವ ಅಂಚಿನುದ್ದಕ್ಕೂ ಮುಟ್ಟಿಸದೆ ಸಾಗಿಸಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಕೇಳಬೇಕು, ಲೋಹ ಕಾಯ್ದು ಹಿಗ್ಗಿದರೆ ಸಂದು ಮುಚ್ಚಿ ಸದ್ದು ಮಾಯವಾಗಬಹುದು. ಗ್ಯಾಸ್ಕೆಟ್ ಬಳಿ ಮಸಿಯ ಗೆರೆ, ಮುರಿದ ಸ್ಟಡ್ ಕಂಡರೆ ಅಲ್ಲಿಗೆ ಹುಡುಕಾಟ ಮುಗಿಯಿತು.

ಕೆಳಗಿನ ಸಂಪಿನ (ಆಯಿಲ್ ನಿಲ್ಲುವ ತಟ್ಟೆ) ಕಡೆಯಿಂದ ದಪ್ಪ ದನಿಯ ಟಕ್ ಟಕ್ ಬಂದು, ರೇಸ್ ಕೊಟ್ಟಾಗ ಹೆಚ್ಚಾದರೆ ಅದು ಬೇರಿಂಗ್ ಇರಬಹುದು. ಗಾಡಿ ಓಡಿಸಬೇಡಿ.

ಉಪಕರಣದ ಕೊರತೆಗಳೂ ಇವೆ. ಕಡ್ಡಿಯ ತಿರುಪು ಸಡಿಲವಾದರೆ ಅದೇ ಗುಂಯ್‌ಗುಟ್ಟಿ ದಾರಿ ತಪ್ಪಿಸುತ್ತದೆ. ಪ್ರತಿ ಸಲ ಬಿಗಿ ಮಾಡಿಕೊಳ್ಳಿ. ಕೊಳವೆ ಎಲ್ಲಿಗಾದರೂ ಉಜ್ಜಿದರೆ ಸರಸರ ಸದ್ದು, ಮ್ಯಾನಿಫೋಲ್ಡಿಗೆ ತಗುಲಿದರೆ ಕರಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳವೆ ಬೆಲ್ಟು ಮತ್ತು ಫ್ಯಾನಿನ ಹತ್ತಿರ ನೇತಾಡಬಾರದು. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಯೂ ಇದೇ ಸದ್ದು ಕೇಳಬಹುದು, ಆದರೆ ಮುಖವೇ ಫ್ಯಾನಿನ ಪಕ್ಕಕ್ಕೆ ಹೋಗುತ್ತದೆ. ಆ ಒಂದು ಕಾರಣಕ್ಕೇ ಸ್ಟೆತೊಸ್ಕೋಪ್ ಕೊಳ್ಳುವುದು ಮೇಲು. ಮೈಕು ಸಿಕ್ಕಿಸುವ ಎಲೆಕ್ಟ್ರಾನಿಕ್ ಬಗೆ, ಓಡುವಾಗ ಮಾತ್ರ ಬರುವ ಸದ್ದಿಗೆ ಸರಿ; ನಿಂತ ಗಾಡಿಯ ಟಿಕ್‌ಗೆ ಅಷ್ಟು ಬೇಕಿಲ್ಲ.

ಕೊಳ್ಳುವಾಗ ಕಡ್ಡಿಯ ತುದಿಯನ್ನು ಟಿಕ್ ಟಿಕ್ ಅನ್ನುವ ಗೋಡೆ ಗಡಿಯಾರಕ್ಕೆ ಹಗುರವಾಗಿ ಮುಟ್ಟಿಸಿ ಕೇಳಿ. ಎರಡೂ ಕಿವಿಗೆ ಸಮವಾಗಿ, ಗೊರಗೊರ ಇಲ್ಲದೆ ಕೇಳಿಸಬೇಕು. ಒಂದೇ ಕಿವಿಗೆ ಬಂದರೆ ಕೊಳವೆಯೋ ಅದರ ಕೂಡುವಿಕೆಯೋ ಸರಿಯಿಲ್ಲ, ಬೇರೆಯದು ತೆಗೆದುಕೊಳ್ಳಿ.