ಉರಿಸಿದ್ದು ಒಂದು, ತುರಿಸಿದ್ದು ಇನ್ನೊಂದು: ಮುಖ ತೊಳೆಯಲು ನಾನು ಹಚ್ಚಿ ನೋಡಿದ ಐದು ವಸ್ತು

ತೀರ್ಥಹಳ್ಳಿಯ ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗುವುದಿಲ್ಲ. ನನ್ನ ಕೆನ್ನೆ ಮಾತ್ರ ಒಣಗಿ ಹೊಟ್ಟು ಏಳುತ್ತಿತ್ತು. ಅನುಮಾನ ಫೇಸ್‌ವಾಶ್ ಮೇಲೆ ಬಿತ್ತು.

ಆಗ ಹಚ್ಚುತ್ತಿದ್ದದ್ದು ನೊರೆ ಉಕ್ಕುವ ಜೆಲ್. ಅದರಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇತ್ತು. ಇದು ಕೊಳೆಯ ಜೊತೆ ಚರ್ಮದ ಎಣ್ಣೆಯನ್ನೂ ತೆಗೆದುಬಿಡುತ್ತದೆ. ತೊಳೆದ ಕೂಡಲೇ ಮುಖ ಬಿಗಿತ, ಮೂಗಿನ ಪಕ್ಕ ಉರಿ. ಬಿಟ್ಟ ಮೇಲೆ ನಾಲ್ಕೈದು ದಿನಕ್ಕೆ ಸರಿಯಾಯಿತು. ಅಲರ್ಜಿ ಅಲ್ಲ, ಬರೀ ಕೆರಳಿಕೆ. ಜಾಸ್ತಿ ಬಳಸಿದರೆ ಯಾರಿಗಾದರೂ ಆಗಬಹುದು.

ಆಮೇಲೆ ತಂದದ್ದು ‘ಸಲ್ಫೇಟ್ ಇಲ್ಲ’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದ ಬಾಟಲಿ. ಮೂರು ವಾರ ಎಷ್ಟು ಹಾಯಾಗಿತ್ತೆಂದರೆ, ಅಕ್ಕನಿಗೂ ಒಂದು ಕೊಡಿಸಿದೆ. ನಾಲ್ಕನೇ ವಾರ ಕಣ್ಣಿನ ರೆಪ್ಪೆ ಊದಿತು, ದವಡೆಯುದ್ದಕ್ಕೂ ತುರಿಕೆ. ಪತ್ರೊಡೆ ತಿಂದಿದ್ದಕ್ಕೇ ಹೀಗೆ, ಕೆಸು ಸರಿಯಾಗಿ ಬೆಂದಿಲ್ಲ ಅಂದರು ಅಮ್ಮ. ನಾನೂ ನಂಬಿದೆ. ಚರ್ಮಕ್ಕೆ ತಾಗಿ ಬರುವ ಅಲರ್ಜಿಯ ಕಿತಾಪತಿ ಇದೇ ಅಲ್ವಾ? ಹಚ್ಚಿದಾಗ ಏನೂ ಇಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಅಕ್ಕನಿಗೆ ಮಾತ್ರ ಅದೇ ಬಾಟಲಿ ಇವತ್ತಿಗೂ ಒಗ್ಗುತ್ತಿದೆ.

ಕೊನೆಗೆ ಶಿವಮೊಗ್ಗದ ಚರ್ಮದ ಡಾಕ್ಟರು ಯಾವುದಕ್ಕೆ ಅಲರ್ಜಿ ಅಂತ ತಿಳಿಯಲು, ಅನುಮಾನದ ವಸ್ತುಗಳನ್ನು ಚೂರು ಚೂರು ಹಾಕಿದ ಪ್ಯಾಚ್ ಬೆನ್ನಿಗೆ ಅಂಟಿಸಿದರು. 48 ಗಂಟೆ ಬೆನ್ನು ನೆನೆಯಬಾರದು ಅಂದರು. ಶ್ರಾವಣದ ಮಳೆಯಲ್ಲಿ! ಕಿತ್ತ ದಿನ ಒಮ್ಮೆ ನೋಡಿದರು, ಎರಡು ದಿನ ಬಿಟ್ಟು ಮತ್ತೊಮ್ಮೆ. ಕೆಂಪಗೆ ಎದ್ದದ್ದು ಮೀಥೈಲ್‌ಐಸೋಥಯಾಜೋಲಿನೋನ್ ಜಾಗ. ಬಾಟಲಿಯೊಳಗಿನದು ಕೆಡದಿರಲಿ ಅಂತ ಹಾಕುವ ವಸ್ತು ಇದು. ಚರ್ಮಕ್ಕೆ ತಾಗಿ ಬರುವ ಅಲರ್ಜಿಯನ್ನೇ ನೋಡುವ ಅಮೆರಿಕದ ತಜ್ಞರ ಸಂಘ (ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ) 2013ರಲ್ಲಿ ಇದನ್ನೇ ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತ್ತು. ಯುರೋಪಿನಲ್ಲಿ ಹಚ್ಚಿ ಬಿಡುವ ಕ್ರೀಮುಗಳಿಗೆ ಇದನ್ನು ಹಾಕುವಂತಿಲ್ಲ. ತೊಳೆದು ತೆಗೆಯುವುದರಲ್ಲಿ 0.0015 ಶೇಕಡಾ ದಾಟಬಾರದು. ಸಲ್ಫೇಟ್ ಬದಲಿಗೆ ಹಾಕುವ ಕೊಕಾಮಿಡೊಪ್ರೊಪೈಲ್ ಬೀಟೇನ್ ಕೂಡ 2004ರಲ್ಲಿ ಅದೇ ಬಿರುದು ಪಡೆದದ್ದು. ನನಗೆ ಅದು ಏನೂ ಮಾಡಲಿಲ್ಲ.

ಅಮ್ಮನ ಕಡ್ಲೆಹಿಟ್ಟಿನಲ್ಲಿ ಇದಾವುದೂ ಇಲ್ಲ. ಆದರೆ ತರಿ ತರಿ, ಸೋತ ಚರ್ಮಕ್ಕೆ ಉಜ್ಜಿದರೆ ಗೀರು. ನಮ್ಮ ತೇವಕ್ಕೆ ಡಬ್ಬಿಯಲ್ಲೇ ಮುಗ್ಗಲು ಬೇರೆ. ಅಂಟುವಾಳವನ್ನೂ ಒಂದು ದಿನ ನೋಡಿದೆ, ಕಣ್ಣಿಗೆ ಹೋಗಿ ಅರ್ಧ ದಿನ ಕೆಂಪು. ಅದು ಬೆಳ್ಳಿ ತೊಳೆಯುವುದಕ್ಕೇ ಸರಿ.

ಈಗ ಬಳಸುತ್ತಿರುವುದು ನೊರೆಯೂ ಇಲ್ಲದ, ಪರಿಮಳವೂ ಇಲ್ಲದ ಲೋಷನ್. ರೇಟು ಜೆಲ್‌ಗಿಂತ ದುಪ್ಪಟ್ಟು, ತೊಳೆದ ಸಮಾಧಾನ ಸ್ವಲ್ಪವೂ ಇಲ್ಲ. ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು, ಒಂದು ವಾರ ಕಾದೆ. ಕೊಳ್ಳುವಾಗ ‘ಅನ್‌ಸೆಂಟೆಡ್’ ಅನ್ನುವುದನ್ನು ನಂಬಬೇಡಿ. ವಾಸನೆ ಮುಚ್ಚಲು ಅದರಲ್ಲೂ ಸುಗಂಧ ಸೇರಿಸಿರಬಹುದು. ‘ಫ್ರೇಗ್ರನ್ಸ್ ಫ್ರೀ’ ಅಂತಿದ್ದರೂ ಹಿಂದಿನ ಪಟ್ಟಿ ಓದಿ.

ಹಾಗೆ ಓದುವ ಚಟ ಹತ್ತಿದ ಮೇಲೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಿಂದೆಯೂ ಮೀಥೈಲ್‌ಐಸೋಥಯಾಜೋಲಿನೋನ್ ಅನ್ನುವ ಅದೇ ಉದ್ದ ಹೆಸರು ಸಿಕ್ಕಿತು. ಎರಡು ವರ್ಷದಿಂದ ಬೆರಳ ಸಂದಿಯಲ್ಲಿದ್ದ ತುರಿಕೆಗೆ ಅಲ್ಲಿಯವರೆಗೆ ಚಳಿಯನ್ನು ಬೈಯುತ್ತಿದ್ದೆ.