185/65 ಆರ್15 ಟ್ಯೂಬ್‌ಲೆಸ್ ಟೈರ್: ಐದೂವರೆ ವರ್ಷ, 57,000 ಕಿ.ಮೀ. ಓಡಿದ ಮೇಲೆ

ಟೈರ್ ವಿಮರ್ಶೆ ಅಂತ ಸಿಗುವುದರಲ್ಲಿ ಹೆಚ್ಚಿನವು ಹಾಕಿಸಿದ ಮೊದಲ ತಿಂಗಳಲ್ಲೇ ಬರೆದವು. ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳು, ಎಂಟು ಮಿ.ಮೀ. ಎತ್ತರ ಇರುವಾಗ ಯಾವ ಟೈರೂ ಕೆಟ್ಟದ್ದಲ್ಲ. ಅರ್ಧ ಸವೆದ ಮೇಲೆ ಮಳೆಯಲ್ಲಿ ಹೇಗಿರುತ್ತದೆ, ಸದ್ದು ಎಷ್ಟು, ಒಳಅಂಚು ಎಲ್ಲಿಗೆ ಬಂದಿದೆ ಎಂಬುದೆಲ್ಲ ತಿಳಿಯಲು ಮೂರ್ನಾಲ್ಕು ವರ್ಷ ಬೇಕು.

ಇದು ನಮ್ಮ ದೇಶದ್ದೇ ಕಂಪನಿಯೊಂದರ ಸಾಧಾರಣ ಟೂರಿಂಗ್ ಟೈರ್. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ 2019ರ ಜುಲೈಯಲ್ಲಿ ನಾಲ್ಕೂ ಒಟ್ಟಿಗೆ ಹಾಕಿಸಿ, 2025ರ ಜನವರಿಯಲ್ಲಿ ಬಿಚ್ಚಿದ್ದು. ಓಡಿದ್ದು ಬೆಂಗಳೂರಿನ ಟ್ರಾಫಿಕ್ಕು, ಮೈಸೂರು ಹೆದ್ದಾರಿ, ಶಿರಾಡಿ ಘಾಟಿ, ಕರಾವಳಿಯ ಮಳೆಗಾಲ. ಬ್ರಾಂಡ್ ಹೆಸರು ಬೇಕೆಂದೇ ಬಿಟ್ಟಿದೆ. ಈ ಸೈಜಿನಲ್ಲಿ ಐದಾರು ಕಂಪನಿಗಳ ಸಾಮಾನ್ಯ ಟೈರ್‌ಗಳ ನಡುವಿನ ವ್ಯತ್ಯಾಸಕ್ಕಿಂತ, ಗಾಳಿ ನೋಡುವವನಿಗೂ ನೋಡದವನಿಗೂ ಇರುವ ವ್ಯತ್ಯಾಸ ದೊಡ್ಡದು. ಕೆಳಗಿನ ಅಳತೆಗಳಲ್ಲಿ ಕಾಣುವುದೂ ಅದೇ.

ಮೊದಲು ಪಕ್ಕದ ಗೋಡೆಯ ಮೇಲೆ ಬರೆದಿರುವುದು. 185/65 ಆರ್15 88ಎಚ್ ಎಂದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ಅಂದರೆ 120 ಮಿ.ಮೀ. ಚಿಲ್ಲರೆ. ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡಕ್ಕೆ ಹೋಗುವ ಬಗೆ. 15 ಎಂದರೆ 15 ಇಂಚಿನ ಡಿಸ್ಕ್, ಟೈರ್ ಕೂರುವ ಲೋಹದ ಚಕ್ರ. 88 ಎಂದರೆ ಒಂದು ಟೈರ್ ಹೊರಬಲ್ಲ ಭಾರ 560 ಕೆ.ಜಿ.; ಎಚ್ ಎಂದರೆ ಗಂಟೆಗೆ 210 ಕಿ.ಮೀ. ತನಕದ ವೇಗಕ್ಕೆ ತಯಾರಾದದ್ದು. ಅಂಗಡಿಯಲ್ಲಿ "ಅದೇ ಸೈಜ್ ಸಾರ್, ಸ್ವಲ್ಪ ಕಮ್ಮಿಗೆ ಬರುತ್ತೆ" ಎಂದು 84 ತೋರಿಸಿದರೆ ಅದು 500 ಕೆ.ಜಿ.ಯದು. ಬೇಡ. ಭಾರದ ಅಂಕಿ ಕಾರ್ ಕಂಪನಿ ಕೊಟ್ಟಿದ್ದಕ್ಕಿಂತ ಮೇಲೆ ಹೋಗಬಹುದು, ಕೆಳಗೆ ಇಳಿಯಬಾರದು. "ದಪ್ಪ ಹಾಕಿಸಿ, ಗಾಡಿ ಲುಕ್ ಬರುತ್ತೆ" ಎಂಬ ಸಲಹೆಗೂ ಲೆಕ್ಕವೇ ಉತ್ತರ. ಈ ಟೈರಿನ ಒಟ್ಟು ವ್ಯಾಸ 621.5 ಮಿ.ಮೀ. 195/60 ಹಾಕಿದರೆ 615, ಒಂದು ಶೇಕಡಾ ವ್ಯತ್ಯಾಸ, ತೊಂದರೆಯಿಲ್ಲ. 205/65 ಹಾಕಿದರೆ 647.5 ಆಗುತ್ತದೆ. ಸ್ಪೀಡೋಮೀಟರ್ ನಾಲ್ಕು ಶೇಕಡಾ ಕಮ್ಮಿ ತೋರಿಸುತ್ತದೆ, ಪೂರ್ತಿ ತಿರುಗಿಸಿದಾಗ ಚಕ್ರದ ಮೇಲಿನ ಕಮಾನಿನ ಒಳಗಿರುವ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜಿದರೂ ಉಜ್ಜಿತು.

ತಯಾರಾದ ದಿನಾಂಕ ಡಿಒಟಿ ಎಂಬ ಅಕ್ಷರಗಳಿರುವ ಸಾಲಿನ ಕೊನೆಯ ನಾಲ್ಕು ಅಂಕಿಯಲ್ಲಿದೆ. ಈ ಸೆಟ್ಟಿನಲ್ಲಿ 1419, ಅಂದರೆ 2019ರ ಹದಿನಾಲ್ಕನೇ ವಾರ. ಈ ಸಾಲು ಪೂರ್ತಿಯಾಗಿ ಒಂದೇ ಬದಿಗೆ ಇರುತ್ತದೆ. ಆ ಬದಿ ಒಳಗೆ ಹೋಗುವಂತೆ ಹಾಕಿಬಿಟ್ಟರೆ ಆಮೇಲೆ ಗಾಡಿ ಕೆಳಗೆ ಮಲಗಿ ನೋಡಬೇಕು. ಹಾಗಾಗಿ ಡಿಸ್ಕಿಗೆ ಹಾಕುವ ಮೊದಲೇ ನಾಲ್ಕನ್ನೂ ತಿರುವಿ ನೋಡಿ. ಜೊತೆಗೆ ಐಎಸ್‌ಐ ಗುರುತು. ಕಾರ್ ಟೈರಿಗೆ ಐಎಸ್ 15633 ಇರಬೇಕು.

ಇದೇ ಗೋಡೆಯ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ, ಯಾರೂ ಓದುವುದಿಲ್ಲ. ನೆಲಕ್ಕೆ ತಾಗುವ ಭಾಗದಲ್ಲಿ ಒಂದು ಪದರ ಪಾಲಿಯೆಸ್ಟರ್, ಎರಡು ಉಕ್ಕು, ಒಂದು ನೈಲಾನ್. ಗೋಡೆಯಲ್ಲಿ ಬರೀ ಒಂದು ಪಾಲಿಯೆಸ್ಟರ್. ಟೈರ್ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂಬುದೆಲ್ಲ ಇಷ್ಟರಲ್ಲೇ ಇದೆ. ತಯಾರಿಯ ಕ್ರಮ ಗೊತ್ತಿದ್ದರೆ ಇದು ಇನ್ನೂ ಸ್ಪಷ್ಟ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬಟ್ಟಲು ಹಿಡಿದು ಇಳಿಸುವ ಹಾಲೇ ಹಾಳೆಯಾಗಿ ಕಾರ್ಖಾನೆಗೆ ಹೋಗುವ ನೈಸರ್ಗಿಕ ರಬ್ಬರ್. ಅದಕ್ಕೆ ಸಿಂಥೆಟಿಕ್ ರಬ್ಬರ್, ಕಾರ್ಬನ್ ಬ್ಲ್ಯಾಕ್, ಸಿಲಿಕಾ, ಎಣ್ಣೆ, ಗಂಧಕ, ಜಿಂಕ್ ಆಕ್ಸೈಡ್ ಸೇರಿಸಿ ದೊಡ್ಡ ಮಿಕ್ಸರಿನಲ್ಲಿ ನಾದುತ್ತಾರೆ. ಪಾಲಿಯೆಸ್ಟರ್ ನೂಲಿಗೂ ಹಿತ್ತಾಳೆ ಲೇಪದ ಉಕ್ಕಿನ ತಂತಿಗೂ ಎರಡೂ ಕಡೆ ರಬ್ಬರ್ ಮೆತ್ತಿ ಹಾಳೆ ಮಾಡುತ್ತಾರೆ. ಡ್ರಮ್ಮಿನ ಮೇಲೆ ಮೊದಲು ಗಾಳಿ ಸೋರದ ಬ್ಯುಟೈಲ್ ಪದರ, ಮೇಲೆ ಪಾಲಿಯೆಸ್ಟರ್, ಎರಡು ಅಂಚಿಗೆ ಡಿಸ್ಕನ್ನು ಕಚ್ಚಿ ಹಿಡಿಯುವ ಉಕ್ಕಿನ ತಂತಿಯ ಬಳೆ (ಬೀಡ್), ಆಮೇಲೆ ಉಕ್ಕಿನ ಬೆಲ್ಟ್, ಕೊನೆಗೆ ಮೇಲಿನ ದಪ್ಪ ರಬ್ಬರ್. ಹೀಗೆ ಸುತ್ತಿದ ಹಸಿ ಟೈರಿಗೆ ಇನ್ನೂ ಬಟನ್ ಇರುವುದಿಲ್ಲ. ಅಚ್ಚಿನೊಳಗೆ ಇಟ್ಟು, ಒಳಗಿಂದ ಬ್ಲ್ಯಾಡರ್ ಎಂಬ ರಬ್ಬರ್ ಚೀಲ ಉಬ್ಬಿಸಿ, 150ರಿಂದ 180 ಡಿಗ್ರಿ ಶಾಖದಲ್ಲಿ ಹತ್ತು ಹದಿನೈದು ನಿಮಿಷ ಬೇಯಿಸಿದಾಗ ಗಂಧಕ ರಬ್ಬರಿನ ಎಳೆಗಳನ್ನು ಹೆಣೆದು ಗಟ್ಟಿ ಮಾಡುತ್ತದೆ, ಬಟನ್ ಮೂಡುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಿದ್ಯೆ ಇದೇ. ಹೊಸ ಟೈರಿನ ಮೇಲಿನ ಕೂದಲಿನಂಥ ಎಳೆಗಳು ಅಚ್ಚಿನ ಗಾಳಿ ರಂಧ್ರದೊಳಗೆ ನುಗ್ಗಿದ ರಬ್ಬರ್, ಬೇರೇನಲ್ಲ. ಅವು ಇದ್ದ ಮಾತ್ರಕ್ಕೆ ಟೈರ್ ಹೊಸದು ಎಂದು ನಂಬಬೇಡಿ. ಗೋದಾಮಿನಲ್ಲಿ ಮೂರು ವರ್ಷ ಬಿದ್ದ ಟೈರಿಗೂ ಕೂದಲು ಇರುತ್ತದೆ.

ಗೋಡೆಯಲ್ಲಿ ಇರುವುದು ಒಂದೇ ಪದರ ನೂಲು. ಗುಂಡಿಯ ಚೂಪು ಅಂಚಿಗೆ ಟೈರ್ ಬಡಿದಾಗ ಗೋಡೆ ಡಿಸ್ಕಿಗೂ ಡಾಂಬರಿಗೂ ನಡುವೆ ಸಿಕ್ಕಿ ಹಿಸುಕುತ್ತದೆ, ಆ ನೂಲು ಒಳಗೇ ತುಂಡಾಗುತ್ತದೆ. ರಬ್ಬರ್ ಹರಿಯದಿದ್ದರೂ ಒಳಗಿನ ಗಾಳಿ ಅಲ್ಲಿ ತಳ್ಳಿ ಉಬ್ಬು ಬರುತ್ತದೆ. ಉಬ್ಬಿಗೆ ರಿಪೇರಿ ಇಲ್ಲ, ವಾರಂಟಿಯೂ ಸಾಮಾನ್ಯವಾಗಿ ಸಿಗದು, ಏಕೆಂದರೆ ಅದನ್ನು ತಯಾರಿಯ ದೋಷ ಎಂದು ಕಂಪನಿಗಳು ಒಪ್ಪುವುದಿಲ್ಲ. ಈ ಸೆಟ್ಟಿನಲ್ಲಿ ಉಬ್ಬು ಬರಲಿಲ್ಲ. ಗೋಡೆ ಗಟ್ಟಿ ಎನ್ನುವುದಕ್ಕಿಂತ ಗಾಳಿ ಕಮ್ಮಿ ಇಟ್ಟು ಓಡಿಸಲಿಲ್ಲ ಎನ್ನುವುದು ಸರಿ.

ಸವೆತದ ಲೆಕ್ಕಕ್ಕೆ ಬರೋಣ. ಡೆಪ್ತ್ ಗೇಜಿನಲ್ಲಿ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆದದ್ದು. ಹೊಸದರಲ್ಲಿ 8.0 ಮಿ.ಮೀ. 8,000 ಕಿ.ಮೀ.ಗೆ ಮುಂದಿನವು 6.9, ಹಿಂದಿನವು 7.5. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲು ಹೊರುವುದು ಎಲ್ಲ ಮುಂದಿನವೇ, ಸವೆತ ದುಪ್ಪಟ್ಟು. ಅಲ್ಲಿಂದ ಪ್ರತಿ 8,000ಕ್ಕೆ ಅದಲುಬದಲು: ಮುಂದಿನವು ಅದೇ ಬದಿಯಲ್ಲಿ ನೇರ ಹಿಂದಕ್ಕೆ, ಹಿಂದಿನವು ಅಡ್ಡ ದಾಟಿ ಮುಂದಕ್ಕೆ. ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇರುವ ಟೈರ್ ಆದರೆ ಅಡ್ಡ ದಾಟಿಸಬಾರದು. 24,000ಕ್ಕೆ ಸರಾಸರಿ 5.8, 40,000ಕ್ಕೆ 4.4, 52,000ಕ್ಕೆ 3.4, ಬಿಚ್ಚುವಾಗ 3.0. ಮೊದಲ ಎಂಟು ಸಾವಿರದಲ್ಲಿ ಸಾವಿರಕ್ಕೆ 0.1 ಮಿ.ಮೀ. ಹೋಗಿದ್ದು ಕೊನೆಗೆ 0.08ಕ್ಕೆ ಇಳಿದಿದೆ. ಬಟನ್ ಗಿಡ್ಡ ಆದಷ್ಟೂ ಬಾಗುವುದು ಕಮ್ಮಿ, ಉಜ್ಜುವುದೂ ಕಮ್ಮಿ.

ಒಂದು ಟೈರ್ ಮಾತ್ರ ಈ ಲೆಕ್ಕಕ್ಕೆ ಹೊರಗೆ. 32,000ದ ಅಳತೆಯಲ್ಲಿ ಮುಂದಿನ ಎಡಗಡೆಯದು ಹೊರಅಂಚಿನಲ್ಲಿ 5.2, ಒಳಅಂಚಿನಲ್ಲಿ 4.1 ತೋರಿಸಿತು. ನಿಂತು ನೋಡಿದರೆ ಕಾಣುವುದು ಹೊರಅಂಚೇ, ಅದು ಚೆನ್ನಾಗೇ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಗಡೆ ಕೈಯಾಡಿಸಿದಾಗ ಬಟನ್ನಿನ ಒಂದು ಅಂಚು ನುಣುಪು, ಇನ್ನೊಂದು ಅಂಚು ಬ್ಲೇಡಿನ ಹಾಗೆ ಚೂಪು. ಇದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಓರೆಯಾಗಿರುವ ಅಳತೆ, ತಪ್ಪಿದ್ದರ ಗುರುತು. ಹಂಪೋ ಗುಂಡಿಯೋ ಬಡಿದು, ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಟೈ ರಾಡ್ ಕದಲಿದ್ದರೆ ಹೀಗಾಗುತ್ತದೆ. ಚಕ್ರವೊಂದು ತನ್ನ ವ್ಯಾಸದ ಅಳತೆಯಲ್ಲಿ ಬರೀ 3 ಮಿ.ಮೀ. ಓರೆಯಾಗಿದ್ದರೂ ಪ್ರತಿ ಕಿ.ಮೀ.ಗೆ ಸುಮಾರು 4.8 ಮೀಟರ್ ಅಡ್ಡಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ಟೀರಿಂಗ್ ಒಂದು ಕಡೆ ಎಳೆಯಲೇಬೇಕೆಂದಿಲ್ಲ. ಎಳೆದರೆ ಮಾತ್ರ ಅಲೈನ್‌ಮೆಂಟ್ ಮಾಡಿಸುತ್ತೇವೆ ಎನ್ನುವವರ ಟೈರ್ ಹೀಗೇ ಹಾಳಾಗುವುದು. ಸರಿಪಡಿಸಿದ ಮೇಲೆ ಸವೆತ ಮಾಮೂಲಿಗೆ ಬಂತು, ಹೋದದ್ದು ಬರಲಿಲ್ಲ. ಬಿಚ್ಚುವಾಗ ಆ ಅಂಚು 2.0ರಲ್ಲಿತ್ತು. ಅಲೈನ್‌ಮೆಂಟ್ ಮಾಡಿಸುವಾಗ ಮೊದಲು ಗಾಳಿ ಸರಿಮಾಡಿಸಿ, ಆಮೇಲೆ ಮುಂಚಿನ ಮತ್ತು ಆಮೇಲಿನ ಅಂಕಿಗಳ ಪ್ರಿಂಟ್ ಕೇಳಿ. ಪ್ರಿಂಟ್ ಕೊಡದ ಅಂಗಡಿಗೆ ಎರಡನೇ ಸಲ ಹೋಗಬೇಕಿಲ್ಲ.

ಬೇರೆ ಸವೆತಗಳೂ ಹೀಗೇ ಮಾತಾಡುತ್ತವೆ. ನಡು ಮಾತ್ರ ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಕಮ್ಮಿ, ಅಲ್ಲಲ್ಲಿ ಬಟ್ಟಲು ತೋಡಿದ ಹಾಗಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. 80ರಿಂದ 100ರ ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ತಪ್ಪಿದೆ. ಮಳೆಗಾಲದಲ್ಲಿ ಅದಕ್ಕೆ ಕಾಸು ಕೊಡುವ ಮೊದಲು ಡಿಸ್ಕಿನ ಒಳಬದಿಗೆ ಮೆತ್ತಿದ ಕೆಸರು ತೊಳೆದು ನೋಡಿ. ಅರ್ಧ ಸಲ ಅಲ್ಲಿಗೇ ಮುಗಿಯುತ್ತದೆ.

ಈ ಟೈರಿನ ನಿಜವಾದ ದೂರು ಸದ್ದು. 35,000 ದಾಟಿದ ಮೇಲೆ ಹಿಂದಿನ ಚಕ್ರದಲ್ಲಿದ್ದಷ್ಟು ಕಾಲ ಅಂಚಿನ ಬಟನ್‌ಗಳು ಗರಗಸದ ಹಲ್ಲಿನ ಹಾಗೆ ಏರಿಳಿದು ಸವೆಯುತ್ತಿದ್ದವು. ಡಾಂಬರಿನಲ್ಲಿ ಅಷ್ಟಾಗಿ ತಿಳಿಯದು. ಶಿರಾಡಿಯ ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ ಬೇರಿಂಗ್ ಹೋಗಿದೆಯೇನೋ ಎನ್ನುವಂಥ ಗುಂಯ್‌ಗುಡುವಿಕೆ. ಮುಂದಕ್ಕೆ ಹಾಕಿ ಒಂದೆರಡು ಸಾವಿರ ಓಡಿಸಿದರೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೇರಿಂಗ್ ಬದಲಿಸುವ ಮೊದಲು ಟೈರ್ ಅದಲುಬದಲು ಮಾಡಿ ನೋಡಿ. ಸದ್ದು ಜಾಗ ಬದಲಿಸಿದರೆ ಅದು ಟೈರಿನದೇ.

ಗಾಳಿ. ಬಾಗಿಲ ಕಂಬದ ಸ್ಟಿಕ್ಕರ್ ಹೇಳುವುದು 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಅದು ತಣ್ಣಗಿರುವ ಟೈರಿನ ಅಂಕಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ನೋಡಬೇಕು. ಓಡಿಸಿ ಬಂದ ಮೇಲೆ ಮೂರರಿಂದ ಐದು ಪಿಎಸ್‌ಐ ಏರಿರುತ್ತದೆ. ಬಿಸಿ ಟೈರಿನಲ್ಲಿ 37 ಕಂಡಿತೆಂದು 33ಕ್ಕೆ ಇಳಿಸಿದರೆ ಮಾರನೆ ಬೆಳಿಗ್ಗೆ 29 ಇರುತ್ತದೆ. ಈ ಸೆಟ್ ತಿಂಗಳಿಗೆ ಒಂದರಿಂದ ಒಂದೂವರೆ ಪಿಎಸ್‌ಐ ಕಳೆದುಕೊಳ್ಳುತ್ತಿತ್ತು, ಇದು ಮಾಮೂಲಿ. ಒಂದೇ ಚಕ್ರ ವಾರಕ್ಕೆ ಎರಡು ಇಳಿಯುತ್ತಿದ್ದರೆ ಸೋಪಿನ ನೀರು ಹಾಕಿ ಮೊದಲು ವಾಲ್ವ್ ಪಿನ್, ಆಮೇಲೆ ಡಿಸ್ಕಿನ ಅಂಚು, ಕೊನೆಗೆ ಬಟನ್ ಸಂದು ನೋಡಬೇಕು. ಬಂಕಿನ ಮೀಟರುಗಳಲ್ಲಿ ಒಂದಕ್ಕೊಂದು ಎರಡು ಮೂರು ಪಿಎಸ್‌ಐ ವ್ಯತ್ಯಾಸ ಇರುತ್ತದೆ, ಸ್ವಂತ ಗೇಜ್ ಒಂದು ಇರಲಿ. ನೈಟ್ರೋಜನ್ನಿಗೆ ದುಡ್ಡು ಕೊಡುವವರು ಕೊಡಲಿ. ಬಿಟ್ಟಿ ಗಾಳಿಯಲ್ಲೂ ಶೇ. 78 ಅದೇ. ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಗಾಳಿಯಿಲ್ಲದ ಸ್ಟೆಪ್ನಿ ಡಿಕ್ಕಿಯಲ್ಲಿ ಹೊತ್ತು ತಿರುಗುವ ಮೂಟೆ ಅಷ್ಟೇ.

ಕಾನೂನಿನ ಮಿತಿ 1.6 ಮಿ.ಮೀ. ಸಂದಿನ ತಳದಲ್ಲಿರುವ ಅಡ್ಡ ದಿಬ್ಬಗಳ ಎತ್ತರ ಅಷ್ಟೇ. ಗೋಡೆಯ ಮೇಲೆ ಟಿಡಬ್ಲ್ಯುಐ ಎಂದೋ ಸಣ್ಣ ತ್ರಿಕೋನವೋ ಇರುವ ಕಡೆ ಹುಡುಕಿದರೆ ಸಿಗುತ್ತವೆ. ಒಳಅಂಚು ಸವೆದ ಆ ಒಂದನ್ನು ಬಿಟ್ಟರೆ, ಉಳಿದವನ್ನು ಈ ಸವೆತದ ದರದಲ್ಲಿ ಇನ್ನೂ 17,000 ಕಿ.ಮೀ. ಓಡಿಸಬಹುದಿತ್ತು. 3.0ರಲ್ಲೇ ಬಿಚ್ಚಿದ್ದು ಮಳೆಗಾಗಿ. ಬಟನ್ ಸಂದುಗಳ ಕೆಲಸವೇ ನೀರು ಹೊರದೂಡುವುದು. ವೇಗವಾಗಿ ಹೋಗುವಾಗ ನೀರಿನ ಆಳ ಸಂದನ್ನು ಮೀರಿದರೆ ಟೈರ್ ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ನಾಸಾದವರು ವಿಮಾನದ ಟೈರುಗಳನ್ನು ಪರೀಕ್ಷಿಸಿ ಕಂಡ ಸೂತ್ರದ ಪ್ರಕಾರ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ: 33 ಪಿಎಸ್‌ಐಗೆ ಸುಮಾರು 96 ಕಿ.ಮೀ., 25ಕ್ಕೆ 83. ಕಾರಿಗೆ ಇದು ಅಂದಾಜು ಮಾತ್ರ, ಆದರೆ ದಿಕ್ಕು ಸರಿ. ಮಳೆಗೆ ಗಾಳಿ ಕಮ್ಮಿ ಮಾಡಿದರೆ ಗ್ರಿಪ್ ಬರುತ್ತದೆ ಎಂಬ ನಂಬಿಕೆ ಪೂರ್ತಿ ಉಲ್ಟಾ. ಈ ಟೈರ್ ಅರ್ಧ ಸವೆಯುವ ತನಕ ಮಳೆಯಲ್ಲಿ ನಂಬಿಕಸ್ತ. 4 ಮಿ.ಮೀ.ಗಿಂತ ಕೆಳಗೆ ಹೆದ್ದಾರಿಯಲ್ಲಿ ನೀರು ನಿಂತ ಕಡೆ 70 ದಾಟಬಾರದು.

ಪಂಕ್ಚರ್ ಮೂರು, ಮೂರೂ ಮೊಳೆಯವೇ, ಮೂರೂ ನಡುಭಾಗದಲ್ಲಿ. ಅಂಟು ಬತ್ತಿ ಚುಚ್ಚುವುದು ಊರು ತಲುಪಲು ಸಾಕು. ಬಾಳಿಕೆ ಬೇಕಾದರೆ ಟೈರ್ ಬಿಚ್ಚಿಸಿ ಒಳಗಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ಹಾಕಿಸಬೇಕು. ಬತ್ತಿ ಚುಚ್ಚುವ ಮೊದಲು ಗರಗಸದ ಸೂಜಿಯಲ್ಲಿ ರಂಧ್ರ ಅಗಲಿಸುವಾಗ ಉಕ್ಕಿನ ಬೆಲ್ಟಿನ ಎಳೆಗಳೂ ಕೆರೆದುಹೋಗುತ್ತವೆ, ಅಲ್ಲಿಂದ ನೀರು ಇಳಿದು ತುಕ್ಕು ಹಿಡಿಯುತ್ತದೆ. ಪ್ಯಾಚ್ ಆದರೆ ಕಾಂಡ ರಂಧ್ರ ಮುಚ್ಚುತ್ತದೆ, ಕೊಡೆ ಬ್ಯುಟೈಲ್ ಪದರಕ್ಕೆ ಅಂಟುತ್ತದೆ. 6 ಮಿ.ಮೀ.ಗಿಂತ ದೊಡ್ಡ ರಂಧ್ರಕ್ಕೂ, ಅಂಚಿಗೆ ಮತ್ತು ಗೋಡೆಗೆ ಚುಚ್ಚಿದ್ದಕ್ಕೂ ಇದು ನಡೆಯುವುದಿಲ್ಲ. ಗಾಳಿ ಪೂರ್ತಿ ಇಳಿದ ಟೈರಿನಲ್ಲಿ ಅರ್ಧ ಕಿ.ಮೀ. ಓಡಿಸಿದ್ದರೆ ಬಿಚ್ಚಿದಾಗ ಒಳಗೆ ಕರಿ ಪುಡಿ ಉದುರುತ್ತದೆ. ಗೋಡೆ ಒಳಗಿಂದ ಅರೆದುಹೋಗಿದೆ ಎಂದು ಅರ್ಥ, ಆ ಟೈರಿಗೆ ಪ್ಯಾಚ್ ಹಾಕಿಸಬೇಡಿ.

ಖರ್ಚು: ಟೈರ್ ಒಂದಕ್ಕೆ ₹5,200, ನಾಲ್ಕಕ್ಕೆ ₹20,800. ಅದಲುಬದಲು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಏಳು ಸಲ, ಸುಮಾರು ₹4,900. ಕಿ.ಮೀ.ಗೆ 45 ಪೈಸೆ ಬಿತ್ತು, ಅದರಲ್ಲಿ ನಿಗಾದ ಪಾಲು ಒಂಬತ್ತು ಪೈಸೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಈಗ ಬಿಲ್ ಕೇಳುವಾಗ ಅದನ್ನೂ ನೋಡಿ.

ಬಾಳಿಕೆ, ಒಣ ರಸ್ತೆಯ ಹಿಡಿತ, ಗೋಡೆಯ ಮೆತ್ತನೆಯ ಸವಾರಿ ಬೇಕಾದವರಿಗೆ ಇದು ಸರಿ. ದಿನಾ ಕಾಂಕ್ರೀಟ್ ರಸ್ತೆಯಲ್ಲಿ ಓಡುವವರು ಸದ್ದು ಕಮ್ಮಿ ಇರುವುದಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಡಬಹುದು. ನಾಲ್ಕೂ ಒಟ್ಟಿಗೆ ಕೊಳ್ಳಲಾಗದೆ ಎರಡೇ ತಂದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಎಳೆಯುವ ಚಕ್ರ ಮುಂದಿನದು ಎಂದು ಅಂಗಡಿಯವರು ವಾದಿಸುತ್ತಾರೆ, ಒಪ್ಪಬೇಡಿ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿತ ಸಿಗಬಹುದು. ಘಾಟಿಯ ಒದ್ದೆ ತಿರುವಿನಲ್ಲಿ ಹಿಂದಿನದು ಜಾರಿದರೆ ಗಾಡಿ ಸುತ್ತುತ್ತದೆ, ಆಗ ಸ್ಟೀರಿಂಗ್ ಎತ್ತ ತಿರುಗಿಸಬೇಕೆಂದು ಯೋಚಿಸುವಷ್ಟರಲ್ಲಿ ತಡೆಗೋಡೆ ಬಂದಿರುತ್ತದೆ.